ನಾಲ್ಕನೆಯ ಮೂಲೆಯ ಚರಗ

ಆ ಬೋರ್ಡು ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ಯಾರೋ ನನ್ನ ತಲೆಗೆ ಕಟ್ಟಿದ ಹಾಗೆ ಕೇಳಿಸುತ್ತದೆ. ತಮ್ಮನ ಗೊಬ್ಬರದಂಗಡಿಯ ಹಳೆಯ ತಗಡು, ಅದರ ಬೆನ್ನಿಗೆ ಬಿಳಿ ಬಣ್ಣ, ಮೇಲೆ ಕೆಂಪಕ್ಷರ. ಮೂವತ್ನಾಲ್ಕು ವರ್ಷ ಕರಿಹಲಗೆಯ ಮೇಲೆ ಆಡಿದ ಕೈ ಇದು, ಒಂದಕ್ಷರ ಸೊಟ್ಟಗಾಗಿಲ್ಲ.

‘ಹುಣಸೆಮರದ ಆಚೆ ಶಿವರಾತ್ರಿಯವರೆಗೆ ಯಾರೂ ಹೋಗಬಾರದು. ಹೋದವರು ಈ ವರ್ಷ ಗುಡ್ಡ ಬಿಡಬೇಕು.’

ಎರಡನೆಯ ಸಾಲು ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದವನು ನನ್ನ ತಮ್ಮ ಪ್ರಭುರಾಜ. ಸುಳ್ಳು ಯಾಕೆ ಹೇಳಲಿ?

ಗುಡ್ಡ ನಮ್ಮದು. ಹುಲಿಹೈದರದಿಂದ ಕನಕಗಿರಿಗೆ ಹೋಗುವ ಕಡೆ ಎಂಟೆಕರೆ ಜೋಳದ ಹೊಲ, ಅದರ ಬೆನ್ನಿಗೆ ಇಪ್ಪತ್ತೆಕರೆ ಬಂಡೆ ಮತ್ತು ಹುಲ್ಲು. ಪಹಣಿಯಲ್ಲಿ ಅವ್ವ ಶಂಕ್ರಮ್ಮ, ನಾನು ಮಲ್ಲೇಶ್ವರಿ ಮತ್ತು ಪ್ರಭುರಾಜ ಮೂವರ ಹೆಸರೂ ಜಂಟಿಯಾಗಿವೆ. ಪಾಲು ಮಾಡಿಕೊಳ್ಳುವ ಮಾತು ಎದ್ದಾಗಲೆಲ್ಲ ಅವ್ವ, “ಹೊಲ ಹಂಚಬಹುದು, ಕಲ್ಲು ಹೆಂಗ ಹಂಚ್ತೀರಿ?” ಎಂದು ಬಾಯಿ ಮುಚ್ಚಿಸುತ್ತಾಳೆ. ಪಹಣಿಯಲ್ಲಿ ಹೆಸರಿಲ್ಲದ ನಾಲ್ಕನೆಯ ಪಾಲುದಾರ ಕುರಿಗಾರ ಬಾಲಪ್ಪ. ಅವನ ಅಜ್ಜನ ಕಾಲದಿಂದ ಅವರ ಕುರಿ ನಮ್ಮ ಗುಡ್ಡದಲ್ಲಿ ಮೇಯುತ್ತವೆ. ಅದಕ್ಕೆ ಬದಲು ಬಿತ್ತುವ ಮುಂಚೆ ಹಿಂಡನ್ನು ನಮ್ಮ ಹೊಲದಲ್ಲಿ ನಿಲ್ಲಿಸಿ ಗೊಬ್ಬರ ಕೊಡುತ್ತಾರೆ. ಕಾಗದ ಇಲ್ಲ, ಪತ್ರ ಇಲ್ಲ, ಬರೀ ಮಾತು.

ಪ್ರಭುರಾಜ ಗಂಗಾವತಿಯಲ್ಲಿ ಅಂಗಡಿ ಇಟ್ಟಿದ್ದವನು ಒಂದು ದಿನ ಸಾಣಾಪುರದ ಬಂಡೆಗಳನ್ನು ಹುಡುಗ ಹುಡುಗಿಯರು ಬರಿಗೈಯಲ್ಲಿ ಹತ್ತುವುದನ್ನು ನೋಡಿದ. ತಾನೂ ಹತ್ತಿದ. ಆವತ್ತಿನಿಂದ ಕೆಟ್ಟ. ನಲವತ್ತೇಳರ ವಯಸ್ಸಿನಲ್ಲಿ ಹೊಟ್ಟೆ ಮುಂದೆ, ಬಿಳಿ ಪುಡಿಯ ಚೀಲ ಹಿಂದೆ, ಹಲ್ಲಿಯ ಹಾಗೆ ಕಲ್ಲಿಗೆ ಅಂಟಿಕೊಂಡಿರುತ್ತಾನೆ. ಅಂಗಡಿ ಬಿಟ್ಟು ಗುಡ್ಡದ ಬುಡದಲ್ಲಿ ಎರಡು ಕೋಣೆ ಕಟ್ಟಿಸಿದ. ಚಳಿಗಾಲದಲ್ಲಿ ಹೈದರಾಬಾದ್, ಪುಣೆ ಕಡೆಯವರು ಬಂದು ಇರುತ್ತಾರೆ. ಬಿದ್ದರೆ ಪೆಟ್ಟಾಗದಿರಲಿ ಎಂದು ದಪ್ಪನೆಯ ಗಾದಿ ಬೆನ್ನಿಗೆ ಹೊತ್ತು ತರುತ್ತಾರೆ. ಊರವರು ಅವರಿಗೆ ‘ಗಾದಿಯವರು’ ಎಂದೇ ಹೆಸರಿಟ್ಟಿದ್ದಾರೆ.

“ಗಾದಿ ತಂದವ್ರು ಹಾಸ್ಕೊಂಡು ಮಲಗೋದ ಬಿಟ್ಟು ಕಲ್ಲಿನ ಕೂಡ ಯಾಕ ಗುದ್ದ್ಯಾಡ್ತಾರೋ ಯವ್ವಾ,” ಎನ್ನುತ್ತಾಳೆ ಅವ್ವ.

ನನ್ನದು ಗುಡ್ಡದ ಸಾಲಿ. ಊರ ಸರ್ಕಾರಿ ಶಾಲೆಯಲ್ಲಿ ನಾನು ಅಕ್ಕೋರು. ಒಂಬತ್ತು ವರ್ಷದಿಂದ ಪ್ರತಿ ಶನಿವಾರ ಬೆಳಿಗ್ಗೆ ಆರು, ಏಳನೇ ತರಗತಿಯ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ಯುತ್ತೇನೆ. ಹುಲ್ಲಿನ ಹೆಸರು, ಹಕ್ಕಿಯ ಗೂಡು, ಮಣ್ಣಿನಲ್ಲಿ ಮೂಡಿದ ಹೆಜ್ಜೆ. ತರಗತಿಯಲ್ಲಿ ಹೆಸರು ಕೂಗಿದರೆ ‘ಹಾಜರ್’ ಎನ್ನಲೂ ನಾಚುವ ದುರಗಮ್ಮ ಎಂಬ ಹುಡುಗಿ, ಗುಡ್ಡದ ಮೇಲೆ ಒಂದು ಹೆಜ್ಜೆಯ ಮುಂದೆ ಕುಕ್ಕರಗಾಲಲ್ಲಿ ಕೂತು, “ಇದು ನಾಯಿ ಅಲ್ರಿ ಅಕ್ಕೋರ. ನಾಯಿ ಅಡ್ಡಾದಿಡ್ಡಿ ಹೋಗ್ತೈತಿ. ಇದು ನೆಟ್ಟಗ ಹೋಗೈತಿ,” ಎಂದಳು. ನನಗೆ ಆವತ್ತು ಊಟ ಬೇಡವಾಯಿತು, ಅಷ್ಟು ಖುಷಿ.

ಬರುವ ಮೇ ತಿಂಗಳಿಗೆ ನನಗೆ ನಿವೃತ್ತಿ. ಮುಂದಿನ ವರ್ಷವೂ ಗುಡ್ಡ ಇರುತ್ತದೆ, ನಾನೂ ಇರುತ್ತೇನೆ. ಆದರೆ ಮಕ್ಕಳು ನನ್ನವರಾಗಿರುವುದಿಲ್ಲ. ಇದೇ ಕಡೆಯ ಹಂಗಾಮು ಎಂದು ಜೂನ್‌ನಿಂದಲೇ ಒಂದೊಂದು ಶನಿವಾರವನ್ನೂ ಎಣಿಸುತ್ತಿದ್ದೆ.

ಕಾರ್ತಿಕದ ಕೊನೆಯ ಛಟ್ಟಿ ಅಮಾವಾಸ್ಯೆ ಕಳೆದ ಎರಡು ದಿನಕ್ಕೆ ಬಾಲಪ್ಪ ಶಾಲೆಯ ಗೇಟಿನ ಹತ್ತಿರ ಬಂದು ನಿಂತ. ಒಳಗೆ ಬರಲಿಲ್ಲ. ನಾನೇ ಹೋದೆ.

“ಅಕ್ಕೋರ, ಗುಡ್ಡದ ಬಡಗಣ ಮೂಲ್ಯಾಗ, ಕವಳಿ ಪೊದಿ ಬುಡಕ, ತ್ವಾಳ ಮರಿ ಹಾಕೈತ್ರಿ.”

“ನಿನ್ನ ಕುರಿ?”

“ಒಂದು ಮರಿ ಒಯ್ದೈತಿ. ಅದರ ಪಾಲು ಅದು ಒಯ್ದೈತಿ ಬಿಡ್ರಿ. ತ್ವಾಳ ಇದ್ದ ಗುಡ್ಡದಾಗ ಹಂದಿ ಸುಳಿಯಂಗಿಲ್ಲ, ನಿಮ್ಮ ಜೋಳ ಉಳೀತೈತಿ. ಆದ್ರ ಮಂದಿ ಸಪ್ಪಳಾದ್ರ ತಾಯಿ ನಿಲ್ಲಂಗಿಲ್ರಿ.”

ಅವತ್ತೇ ಸಂಜೆ ಪ್ರಭುರಾಜನ ಕೋಣೆಗಳ ಮುಂದಿನ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿಸಿದೆ. ಅವ್ವ, ಪ್ರಭುರಾಜ, ಬಾಲಪ್ಪ, ನಾನು. ಮಾತಾಡಿದ್ದು ಬಹುತೇಕ ನಾನೇ. ನನ್ನ ಬಾಯಿ ದೊಡ್ಡದು ಎಂದು ಊರಿಗೇ ಗೊತ್ತು.

“ಅಕ್ಕಾ, ಆನಿಕಲ್ಲು ಹುಣಸಿಗಿಡದ ಆಚಿಗೇ ಐತಿ,” ಎಂದ ಪ್ರಭುರಾಜ. “ಗಾದಿಯವ್ರು ಇಲ್ಲೀತನಕ ಬರೋದ ಅದಕ್ಕ.”

“ಈಚಿ ಕಡಿ ಇರೋವೇನು ಕಲ್ಲಲ್ಲೇನು? ಅವನ್ನ ಹತ್ತಲಿ.”

“ಮತ್ತ ನಿನ್ನ ಸಾಲಿ ಹುಡುಗ್ರು?”

“ಅವ್ರೂ ಹುಣಸಿಗಿಡದ ಈಚಿಗೇ. ದುರ್ಬೀನು ಐತಿ, ಅದರಾಗ ನೋಡ್ತಾರ. ಬಾಲಪ್ಪನ ಕುರೀನೂ ಈಚಿಗೇ.”

“ಯಾರರ ದಾಟಿದ್ರ?”

“ಈ ವರ್ಷ ಗುಡ್ಡ ಬಿಡ್ಬೇಕು.”

“ಯಾರಾದ್ರೂ?”

“ಯಾರಾದ್ರೂ,” ಎಂದೆ, ಅವನನ್ನೇ ನೋಡುತ್ತ.

ಪ್ರಭುರಾಜ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ತಗಡಿಗೆ ತೂತು ಹೊಡೆದು ಹುಣಸೆಮರಕ್ಕೆ ಕಟ್ಟಿದವನೂ ಅವನೇ. ನಾಲ್ಕು ಶನಿವಾರ ಎಲ್ಲ ಸುಸೂತ್ರ ನಡೆಯಿತು. ಗಾದಿಯವರು ಈಚೆಯ ಬಂಡೆಗಳಲ್ಲಿ ಹತ್ತಿದರು, ಬಿದ್ದರು, ನಕ್ಕರು. ಮಕ್ಕಳು ಸರತಿಯಲ್ಲಿ ದುರ್ಬೀನು ಹಿಡಿದರು. ಮೂರನೆಯ ಶನಿವಾರ ಕವಳಿ ಪೊದೆಯ ಬುಡದಿಂದ ಕಪ್ಪಗೆ ಏನೋ ಹೊರಳಿಕೊಂಡು ಬಂತು. ಒಂದು, ಇನ್ನೊಂದು, ಮತ್ತೊಂದು. ಇಪ್ಪತ್ತೆರಡು ಮಕ್ಕಳಲ್ಲಿ ಒಂದೂ ಉಸಿರೆತ್ತಲಿಲ್ಲ. ತರಗತಿಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಮೂವತ್ನಾಲ್ಕು ವರ್ಷದಲ್ಲಿ ಕಂಡಿಲ್ಲ. ದುರಗಮ್ಮ ತನ್ನ ನೋಟ್‌ಬುಕ್ಕಿನಲ್ಲಿ ಬರೆದಳು: ‘ತೋಳದ ಮರಿ, ಮೂರು.’

ಆಮೇಲೆ ಎಳ್ಳಮಾಸಿ ಬಂತು.

ನಮ್ಮ ಕಡೆ ಎಳ್ಳು ಅಮಾವಾಸ್ಯೆಗೆ ಮನೆಯಲ್ಲಿ ಉಣ್ಣುವವರಿಲ್ಲ. ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಕಡುಬು, ಶೇಂಗಾ ಹೋಳಿಗೆ ಎಲ್ಲ ಬುಟ್ಟಿಗೆ ತುಂಬಿ ಹೊಲಕ್ಕೆ ಒಯ್ಯುತ್ತೇವೆ. ಪೈರು ಹೊತ್ತ ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ. ಬನ್ನಿ ಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿ, ಎಲ್ಲ ಅಡುಗೆಯನ್ನೂ ಕಲಸಿ, ಭೂಮಿಯ ನಾಲ್ಕೂ ಮೂಲೆಗೆ “ಹುಲ್ಲುಲ್ಲಿಗೋ” ಎಂದು ಕೂಗುತ್ತ ಚೆಲ್ಲಿ ಬರಬೇಕು. ಅದೇ ಚರಗ. ಅಪ್ಪ ಇರುವತನಕ ಅಪ್ಪ ಚೆಲ್ಲಿದ, ಆಮೇಲೆ ಪ್ರಭುರಾಜ. ಆವತ್ತು ಪ್ರಭುರಾಜ ಹೈದರಾಬಾದಿನಿಂದ ಬರುವ ಇಬ್ಬರನ್ನು ಕರೆತರಲು ಗಂಗಾವತಿಗೆ ಹೋದವನು ಹೊತ್ತು ನೆತ್ತಿಗೇರಿದರೂ ಬರಲಿಲ್ಲ.

“ಭೂಮ್ತಾಯಿ ಹಸದಾಳ. ನೀನಽ ಚೆಲ್ಲಿ ಬಾರವ್ವಾ,” ಎಂದಳು ಅವ್ವ.

ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡೆ. ಮೇಲೆ ಅವ್ವನ ಹಳೆಯ ಇಳಕಲ್ ಸೀರೆಯ ತುಂಡು ಮುಚ್ಚಿತ್ತು, ಕೆಂಪು ಸೆರಗಿನದು. ಹಿಂದೆ ನೀರು ಚಿಮುಕಿಸುತ್ತ ಬರಲು ಯಾರೂ ಇಲ್ಲವೆಂದು ಚರಿಗೆಯನ್ನೂ ನಾನೇ ಹಿಡಿದೆ. ಹೊಲದ ಕೆಳಗಿನ ಎರಡು ಮೂಲೆ ಆಯಿತು. ಗುಡ್ಡದ ತೆಂಕಣ ಮೂಲೆ ಆಯಿತು. ನಾಲ್ಕನೆಯದಕ್ಕೆ ನಡೆದೆ.

ಹುಣಸೆಮರದ ಕೆಳಗೆ, ನನ್ನದೇ ಬೋರ್ಡಿನ ಪಕ್ಕದಲ್ಲಿ ಹಾದು ಹೋದೆ. ಬೋರ್ಡು ಕಾಣಲಿಲ್ಲವೇ ಎಂದು ಆಮೇಲೆ ನೂರು ಸಲ ಕೇಳಿಕೊಂಡಿದ್ದೇನೆ. ಕಂಡಿತು. ‘ಹೋಗಬಾರದು’ ಎಂಬುದನ್ನು ಓದಿಯೂ ಇದ್ದೆ. ಆದರೆ ಚರಗ ಚೆಲ್ಲುವುದು ಹೋಗುವುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೋಗುವವರು ಗಾದಿಯವರು. ಹೋಗುವವರು ಮಕ್ಕಳು, ಕುರಿ. ನಾನು ಭೂಮಿತಾಯಿಗೆ ಉಣಿಸುತ್ತಿದ್ದೇನೆ. ಮೂರು ಮೂಲೆಗೆ ಇಕ್ಕಿ ನಾಲ್ಕನೆಯದನ್ನು ಉಪವಾಸ ಕೆಡವಲಿಕ್ಕಾಗುತ್ತದೆಯೇ? ಪೊದೆ ಇನ್ನೂ ಐವತ್ತು ಮಾರು ದೂರ ಇರುವಾಗ ನಿಂತೆ, ಅಷ್ಟು ಬುದ್ಧಿ ಇತ್ತು. ‘ಹುಲ್ಲುಲ್ಲಿಗೋ’ ಎಂದು ಮೆಲ್ಲಗೆ ಅಂದು ನಾಲ್ಕು ಹಿಡಿ ಚೆಲ್ಲಿದೆ. ಬುಟ್ಟಿಯಲ್ಲಿ ಇನ್ನೂ ಬಹಳ ಇತ್ತು, ಕೈ ಸೋತಿತ್ತು. ಸೀರೆಯ ತುಂಡನ್ನು ಒಂದು ಚಪ್ಪಡಿಯ ಮೇಲೆ ಹಾಸಿ ಉಳಿದುದನ್ನೆಲ್ಲ ಸುರಿದು, ‘ಉಣ್ಣವ್ವಾ’ ಎಂದು ಕೈಮುಗಿದು ಬಂದೆ. ಬಂದು ಎರಡು ಹೋಳಿಗೆ ತುಪ್ಪ ಹಾಕಿಕೊಂಡು ತಿಂದೆ.

ಮೂರನೆಯ ದಿನ ಬಾಲಪ್ಪ ಮತ್ತೆ ಗೇಟಿಗೆ ಬಂದ. ಮುಖ ಸಣ್ಣಗಾಗಿತ್ತು.

“ಊರ ನಾಯಿ ಗುಡ್ಡ ಏರ್‍ಯಾವ್ರಿ. ಯಾರೋ ಆಚಿಗೆ ಅನ್ನ ಚೆಲ್ಯಾರ. ಅದರ ವಾಸನೀಗೆ ಹೋಗ್ಯಾವ, ಉಂಡಾವ, ಅಲ್ಲಿಂದ ಪೊದೀಗೂ ಹೋಗ್ಯಾವ. ಗವಿ ಬಾಯಿ ಕೆದರ್‍ಯಾವ. ಒಂದು ಮರೀನ ಕೊಂದು ಹುಣಸಿಗಿಡದ ಈಚಿಗೆ ಎಳಕೊಂಡು ಬಂದಾವ್ರಿ. ಉಳಿದವನ್ನ ತಾಯಿ ಎಲ್ಲಿ ಒಯ್ತೋ, ಒಯ್ದೈತೋ ಇಲ್ಲೋ.”

ಅನ್ನ ಎಂದ ಕೂಡಲೆ ನನಗೆ ನೆನಪಾಗಬೇಕಿತ್ತು. ಆಗಲಿಲ್ಲ, ದೇವರಾಣೆ. ಸಿಟ್ಟು ನೆತ್ತಿಗೇರಿತು. ಗಂಟೆ ಹೊಡೆಯುವುದನ್ನೂ ಕಾಯದೆ ಸೀದಾ ಪ್ರಭುರಾಜನ ಕೋಣೆಗಳಿಗೆ ಹೋದೆ. ಹೈದರಾಬಾದಿನ ಹುಡುಗಿಯೊಬ್ಬಳು, ಅವಳ ಗೆಳೆಯ, ಚಹಾ ಕುಡಿಯುತ್ತಿದ್ದರು. ಅವರಿಗೆ ಕನ್ನಡ ಬಾರದು, ನನಗೆ ಅದು ಬೇಕಾಗಿರಲಿಲ್ಲ.

“ನಾಚ್ಕಿ ಐತೇನ್ ನಿಮಗ? ಉಂಡು ಉಳಿದದ್ದು ಎಲ್ಲಿ ಒಗೀಬೇಕು ಅನ್ನೋದೂ ಗೊತ್ತಿಲ್ಲೇನು? ಒಂದು ಜೀವ ತಿಂದ್ರೆಲ್ಲೋ!”

ಹುಡುಗಿ ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತಳು. ಪ್ರಭುರಾಜ ಒಳಗಿನಿಂದ ಬಂದ. ವಿಷಯ ಕೇಳಿದ. ಅವರಿಗೆ ಹಿಂದಿಯಲ್ಲಿ ಕೇಳಿದ, ಅವರು ತಲೆ ಅಲ್ಲಾಡಿಸಿದರು, ಇಲ್ಲ, ನಾವು ಅತ್ತ ಹೋಗೇ ಇಲ್ಲ ಎಂದರು. ನಾನು ನಂಬಲಿಲ್ಲ.

“ಬೋರ್ಡ್ ಐತಿ, ಪ್ರಭು. ಯಾರಾದ್ರೂ ಅಂದ್ರ ಒಪ್ಪಿದ್ದಿ.”

“ಒಪ್ಪೀನಿ,” ಎಂದ ಅವನು. ಅವರ ಗಾದಿಗಳನ್ನು ತಾನೇ ಗಾಡಿಗೆ ಹೇರಿದ. ಸಂಕ್ರಾಂತಿಗೆ ಬರುವುದಾಗಿ ಹೇಳಿದ್ದವರಿಗೆಲ್ಲ ಫೋನ್ ಮಾಡಿ ಬೇಡವೆಂದ. ಎರಡೂ ಕೋಣೆಗೆ ಬೀಗ ಹಾಕಿ, ಅಕ್ಕನ ಮುಖವನ್ನೂ ನೋಡದೆ ಹೋದ. ನನಗೆ ಸಮಾಧಾನವಾಯಿತು. ಅದನ್ನೂ ಹೇಳಲೇಬೇಕು.

ಸಂಜೆ ಬಾಲಪ್ಪನ ಜೊತೆ ಗುಡ್ಡಕ್ಕೆ ಹೋದೆ. ಸತ್ತ ಮರಿಯನ್ನು ಹೂಳೋಣವೆಂದು. ಮೊಳದುದ್ದವೂ ಇಲ್ಲದ ಜೀವ, ಕಿವಿ ಇನ್ನೂ ನೆಟ್ಟಗಾಗಿರಲಿಲ್ಲ. ಬಾಲಪ್ಪ ಗುದ್ದು ತೋಡುತ್ತಿದ್ದಾಗ ಅವನ ಜೇಬಿನಿಂದ ಏನೋ ಕೆಂಪಗೆ ಇಣುಕುವುದು ಕಂಡಿತು.

“ಏನದು?”

“ಏನಿಲ್ರಿ. ಗಾದಿಯವ್ರ ಬಟ್ಟಿ ಇರಬೇಕು. ನಾಯಿ ಹರದಾವ.”

“ತಾ ಇಲ್ಲಿ.”

ಅವನು ಕೊಡಲೊಲ್ಲ. ನಾನು ಕೈ ಚಾಚಿಯೇ ನಿಂತೆ. ಕೊನೆಗೆ ಕೊಟ್ಟ. ಇಳಕಲ್ ಸೆರಗಿನ ಚೂರು, ಅದರ ತುಂಬ ಎಣ್ಣೆ, ಎಳ್ಳು. ಅಲ್ಲೇ ಕೂತುಬಿಟ್ಟೆ.

“ನಿನಗ ಮೊದಲಽ ಗೊತ್ತಿತ್ತು.”

“ಶಂಕ್ರಮ್ಮವ್ವನ ಸೀರಿ ಯಾರಿಗೆ ಗೊತ್ತಿಲ್ರಿ,” ಎಂದ ಬಾಲಪ್ಪ, ಮಣ್ಣು ಎಳೆಯುತ್ತ. “ಯಾರಿಗೂ ಹೇಳಬ್ಯಾಡ್ರಿ ಅಕ್ಕೋರ. ಆಗಿದ್ದು ಆಗಿ ಹೋತು. ಇದು ನಿಮ್ಮ ಕಡೀ ವರ್ಷ. ಹುಡುಗ್ರು ದಾರಿ ಕಾಯ್ತಾವ.”

ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ.

ಮನೆಗೆ ಬಂದು ಅವ್ವನ ಮುಂದೆ ಆ ಚೂರು ಇಟ್ಟು ಎಲ್ಲ ಹೇಳಿದೆ. ಎಂಬತ್ತೆರಡು ವರ್ಷದ ಅವ್ವ ಅದನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದಳು.

“ಬಸುರಿಗೆ ಉಣಸಾಕ ಹೋಗಿ ಬಾಣಂತಿ ಮನೀಗೆ ನಾಯಿ ಬಿಟ್ವೆಲ್ಲ ಮಲ್ಲವ್ವಾ,” ಎಂದಳು. “ನಾನಽ ನಿನ್ನ ಕಳಿಸಿದ್ನಿ.” ಆಮೇಲೆ ಅವ್ವನೂ ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ.

ಎರಡು ದಿನ ಬಾಲಪ್ಪನ ಮಾತು ನನ್ನ ಕಿವಿಯಲ್ಲಿ ಆಡುತ್ತಿತ್ತು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಗಾದಿಯವರು ಹೋಗಿಯೇಬಿಟ್ಟರು. ಪ್ರಭುರಾಜನದೇನು, ಮುಂದಿನ ಚಳಿಗಾಲಕ್ಕೆ ಮತ್ತೆ ಬೀಗ ತೆಗೆಯುತ್ತಾನೆ. ನನಗೆ ಮುಂದಿನದು ಎಂಬುದೇ ಇಲ್ಲ. ಇನ್ನು ಹತ್ತೋ ಹನ್ನೊಂದೋ ಶನಿವಾರ, ಅಷ್ಟೇ. ಅಷ್ಟನ್ನು ನನಗೆ ಬಿಟ್ಟುಕೊಡಬಾರದೇ ಎಂದು ಯಾರನ್ನೋ ಕೇಳುತ್ತಿದ್ದೆ. ಯಾರನ್ನು ಎಂದು ಗೊತ್ತಿಲ್ಲ.

ಶನಿವಾರ ಮಕ್ಕಳು ಸಾಲುಗಟ್ಟಿ ಹುಣಸೆಮರದ ಕೆಳಗೆ ನಿಂತರು. ಪ್ರಭುರಾಜನನ್ನೂ ಕರೆಸಿದ್ದೆ. ಮುಖ ಬಿಗಿದುಕೊಂಡೇ ಬಂದ. ದುರ್ಬೀನು ಹಿಡಿದಿದ್ದ ಹುಡುಗ, “ಅಕ್ಕೋರ, ಮರಿ ಕಾಣವಲ್ವು,” ಎಂದ.

“ಅಲ್ಲಿ ಇಲ್ಲ,” ಎಂದೆ. “ಒಂದು ಸತ್ತೈತಿ. ಉಳಿದವು ಎಲ್ಲಿ ಅದಾವೋ ಗೊತ್ತಿಲ್ಲ. ನಾಯಿ ಬಂದಿದ್ವು. ನಾಯಿ ಬಂದದ್ದು ಅನ್ನಕ್ಕ. ಅನ್ನ ಇಟ್ಟಾಕಿ ನಾನು. ಎಳ್ಳಮಾಸಿ ದಿನ ಚರಗ ಚೆಲ್ಲಾಕ ಈ ಗಿಡ ದಾಟಿ ಹೋಗಿದ್ದೆ.”

ಮಕ್ಕಳಿಗೆ ದೊಡ್ಡವರ ತಪ್ಪು ಕೇಳುವ ರೂಢಿ ಇರುವುದಿಲ್ಲ, ಅವು ಚಪ್ಪಲಿ ನೋಡಿಕೊಂಡವು.

“ದುರಗಮ್ಮಾ, ಬೋರ್ಡ್ ಓದು,” ಎಂದೆ.

‘ಹಾಜರ್’ ಎನ್ನಲು ನಾಚುವ ಹುಡುಗಿ ನನ್ನ ಮುಖ ನೋಡಿದಳು, ಬೋರ್ಡು ನೋಡಿದಳು, ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದಳು.

ನಾನು ಪ್ರಭುರಾಜನ ಕಡೆ ತಿರುಗಿದೆ. “ಬೇಕಾದ್ದು ಅನ್ನು. ಅವತ್ತು ನಾ ಹೆಂಗ ಅಂದ್ನೋ ಹಂಗ ಅನ್ನು.”

ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಬೈದಿದ್ದರೆ ಚೆನ್ನಾಗಿತ್ತು.

“ಅಕ್ಕಾ, ಅವತ್ತು ನಾ ಹೊತ್ತಿಗೆ ಸರಿಯಾಗಿ ಬಂದಿದ್ರ ಬುಟ್ಟಿ ನನ್ನ ಕೈಯಾಗ ಇರ್ತಿತ್ತು. ನಾನೂ ನಾಕೂ ಮೂಲಿಗೆ ಹೋಗ್ತಿದ್ದೆ. ಮೂರಕ್ಕ ನಿಲ್ಲಸಬೇಕು ಅಂತ ನನಗೂ ಹೊಳೀತಿದ್ದಿಲ್ಲ.”

ನಾನು ಅಳುವವಳಲ್ಲ. ಆವತ್ತು ಮಕ್ಕಳ ಮುಂದೆ ಅತ್ತೆ.

“ಆದ್ರ ಬೋರ್ಡ್ ಬೋರ್ಡಽ,” ಎಂದ ಪ್ರಭುರಾಜ ಮೆತ್ತಗೆ. “ನೀ ಇಳಿ. ಮಕ್ಕಳು ದಾಟಿಲ್ಲ, ಅವ್ಯಾಕ ಇಳೀಬೇಕು? ಬಾಲಪ್ಪ ಹೆಜ್ಜಿ ತೋರಸ್ತಾನ. ನಾ ಕರಕೊಂಡು ಬರ್ತೀನಿ.”

ಇಳಿದೆ. ಮಕ್ಕಳ ಜೊತೆ, ಆವತ್ತು ನಾನೇ ಕರೆತಂದಿದ್ದ ಶಾಲೆಯ ಇನ್ನೊಬ್ಬ ಮಾಸ್ತರು ಉಳಿದರು. ಹೊಟ್ಟೆ ಉರಿಯಲಿಲ್ಲವೇ ಎಂದರೆ, ಉರಿಯಿತು. ಒಂಬತ್ತು ವರ್ಷ ನಾನು ಕಟ್ಟಿದ್ದನ್ನು ಹೊಟ್ಟೆ ಹೊತ್ತ ನನ್ನ ತಮ್ಮ ನಡೆಸುವುದು! ಮನೆಗೆ ಹೋಗಿ ಮೊದಲು ಮಾಡಿದ ಕೆಲಸ, ಅವನಿಗೆ ಫೋನ್ ಮಾಡಿ ಹೈದರಾಬಾದಿನ ಹುಡುಗಿಯ ನಂಬರು ಇಸಿದುಕೊಂಡದ್ದು. ನನ್ನ ಹರಕು ಹಿಂದಿಯಲ್ಲಿ, “ಬೇಟಿ, ಮಾಫ್ ಕರೋ, ಗಲತಿ ಮೇರಾ,” ಎಂದೆ. ಅವಳು ಏನೇನೋ ಹೇಳಿದಳು, ಅರ್ಧ ತಿಳಿಯಲಿಲ್ಲ. ಎರಡು ವಾರಕ್ಕೆ ಅವಳ ಗಾದಿ ಮತ್ತೆ ಕೋಣೆಯ ಮುಂದೆ ಬಿಸಿಲಿಗೆ ಒರಗಿತ್ತು. ನಾನು ಹೋಳಿಗೆ ಕಳಿಸಿಕೊಟ್ಟೆ. ಈ ಸಲ ಬುಟ್ಟಿಯ ಬಟ್ಟೆ ವಾಪಸು ತರಲು ಹೇಳಿ ಕಳಿಸಿದೆ.

ಆಮೇಲಿನ ಶನಿವಾರಗಳಲ್ಲಿ ನಾನು ಹೊಲದ ಬನ್ನಿ ಗಿಡದ ಕೆಳಗೆ ಅವ್ವನ ಜೊತೆ ಕೂತಿರುತ್ತಿದ್ದೆ. ಹೊಲ ಗುಡ್ಡವಲ್ಲ. ಮಕ್ಕಳು ಏರುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಪ್ರಭುರಾಜ ಮಧ್ಯೆ ನಿಂತು ಕೈ ಆಡಿಸುತ್ತ ಏನೋ ವಿವರಿಸುವುದು ಕಂಡರೆ, ತಪ್ಪು ಹೇಳುತ್ತಿದ್ದಾನೇನೋ ಎಂದು ಜೀವ ಹೊಯ್ದಾಡುತ್ತಿತ್ತು.

“ಸುಮ್ನ ಕುಂದ್ರು,” ಎನ್ನುತ್ತಿದ್ದಳು ಅವ್ವ, ಜೋಳದ ಸುಟ್ಟ ಎಳೆತೆನೆ ಉಜ್ಜಿ ಸೀತನಿಯನ್ನು ನನ್ನ ಕೈಗೆ ಹಾಕುತ್ತ. “ಅವ್ನೂ ನಿನ್ನ ಕೈಯಾಗ ಕಲ್ತಾಂವನಽ.”

ಮಾಘದ ಭಾರತ ಹುಣ್ಣಿಮೆಗೆ ಎರಡು ದಿನ ಮುಂಚೆ, ಶನಿವಾರ, ಗುಡ್ಡದ ಮೇಲೆ ಮಕ್ಕಳು ಇದ್ದಕ್ಕಿದ್ದಂತೆ ಕೂತುಬಿಟ್ಟರು. ಎಲ್ಲರೂ ಒಟ್ಟಿಗೆ. ಬಹಳ ಹೊತ್ತು ಯಾರೂ ಏಳಲಿಲ್ಲ. ನಾನು ಎದ್ದು ನಿಂತೆ. ಹೊಲದ ಬದುವಿನ ತನಕ ಹೋಗಿ ನಿಂತೆ, ಮುಂದೆ ಕಾಲಿಡಲಿಲ್ಲ.

ದುರಗಮ್ಮ ಓಡಿ ಇಳಿದು ಬಂದಳು. ಏದುಸಿರು, ಕೊರಳಲ್ಲಿ ದುರ್ಬೀನು, ಕೈಯಲ್ಲಿ ನೋಟ್‌ಬುಕ್ಕು.

“ಅಕ್ಕೋರ! ಆನಿಕಲ್ಲಿನ ಹಿಂದ ಅದಾವ್ರಿ! ಅವ್ವನೂ ಐತಿ. ಒಂದು ಮರಿ ಅವ್ವನ ಬಾಲ ಹಿಡದು ಜಗ್ತೈತ್ರಿ!”

“ಎಷ್ಟು?”

“ಎರಡ್ರಿ.”

ಬದುವಿನ ಆಚೆ ಅವಳು, ಈಚೆ ನಾನು. ನೋಟ್‌ಬುಕ್ಕು ಚಾಚಿದಳು. ಆ ದಿನದ ತಾರೀಖು, ಅದರ ಕೆಳಗೆ ದುಂಡಗೆ: ‘ತೋಳದ ಮರಿ, ಎರಡು.’

“ಮೂರಿದ್ವಲ್ಲ,” ಎಂದೆ. “ಒಂದು ಎಲ್ಲಿ ಹೋತು ಅಂತ ಬರದಿಲ್ಲ?”

ಅವಳು ತಲೆ ತಗ್ಗಿಸಿದಳು. “ಪ್ರಭು ಮಾಮಾರು ಬ್ಯಾಡ ಅಂದ್ರು. ನಿಮಗ ಬ್ಯಾಸರಾಗ್ತೈತಿ ಅಂದ್ರು.”

“ಬ್ಯಾಸರಾಗ್ಲಿ. ಬರಿ.”

ಬದುವಿನ ಮೇಲೆ ಕೂತು, ತೊಡೆಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ಬರೆದಳು. ‘ಒಂದು ಮರಿ ಎಳ್ಳು ಅಮಾವಾಸ್ಯೆಯ ಚರಗಕ್ಕೆ ಬಂದ ನಾಯಿಗಳಿಂದ ಸತ್ತಿತು. ಚರಗ ಚೆಲ್ಲಿದವರು’ ಎಂಬಲ್ಲಿ ನಿಲ್ಲಿಸಿ ನನ್ನನ್ನು ನೋಡಿದಳು.

“ಬರಿ,” ಎಂದೆ.

ಬರೆದಳು. ಮುಚ್ಚಿದಳು. ಪೆನ್ನಿಗೆ ಮುಚ್ಚಳ ಹಾಕಿದಳು. ಆಮೇಲೆ, “ಬರೂ ಎಳ್ಳಮಾಸಿಗೆ ಆ ಮೂಲಿಗೆ ಏನ್ ಮಾಡ್ತೀರಿ ಅಕ್ಕೋರ?” ಎಂದು ಕೇಳಿದಳು.

“ಹುಣಸಿಗಿಡದ ಕೆಳಗ ನಿಂತು ಬರೀ ಕೈ ಮುಗೀತೀವಿ,” ಎಂದಳು ನನ್ನ ಹಿಂದಿನಿಂದ ಅವ್ವ. “ಅಲ್ಲಿ ಭೂಮ್ತಾಯಿಗೆ ಊಟ ತರೋರು ಬ್ಯಾರೆ ಅದಾರ, ಆ ತ್ವಾಳ.”

ದುರಗಮ್ಮ ನಕ್ಕು ಮತ್ತೆ ಗುಡ್ಡ ಏರಿದಳು. ನಾನು ಬದುವಿನ ಈಚೆಯೇ ನಿಂತು ಅವಳು ಹುಣಸೆಮರದ ತನಕ ಹೋಗಿ, ಬೋರ್ಡಿನ ಹತ್ತಿರ ನಿಂತು, ಅದನ್ನು ದಾಟದೆ ಉಳಿದವರ ಪಕ್ಕದಲ್ಲಿ ಕೂರುವತನಕ ನೋಡಿದೆ.